ವಾಚ್ ಅಪ್‌ಡೇಟ್ ಆದ ಮೇಲೆ ಚಾಮುಂಡಿ ಬೆಟ್ಟ ಬರೀ 61 ಮೀಟರ್! ಹೊಸ ಮಾಡೆಲ್‌ಗೆ ಸರಿ ಮಾಡಿದ್ದಾರೆ, ನಮಗೆ ಯಾಕಿಲ್ಲ?

ಮೆಟ್ಟಿಲು_ಮೈಸೂರು · ಶನಿವಾರ, ಬೆಳಿಗ್ಗೆ 7:40

ತಲೆ ಕೆಟ್ಟು ಬರೆಯುತ್ತಿದ್ದೇನೆ. ನಿನ್ನೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ವಾಚ್ ತೋರಿಸಿದ ಏರಿಕೆ 61 ಮೀಟರ್. ಅರವತ್ತೊಂದು! ಬೆಟ್ಟ ಏನು ರಾತ್ರೋರಾತ್ರಿ ಕುಸಿದು ಹೋಯಿತಾ?

ಎರಡು ವರ್ಷದಿಂದ ಇದೇ ವಾಚು, ಇದೇ ಮೆಟ್ಟಿಲು. ಯಾವಾಗಲೂ 240ರಿಂದ 250 ಬರುತ್ತಿತ್ತು. ಹೋದ ತಿಂಗಳು ಅಪ್‌ಡೇಟ್ ಬಂತು. ಹೋದ ಶುಕ್ರವಾರ 74 ತೋರಿಸಿತು. ಕಸ್ಟಮರ್ ಕೇರ್‌ಗೆ ಬರೆದರೆ "ರೀಸೆಟ್ ಮಾಡಿ" ಎಂದರು. ಮಾಡಿದೆ. ಹಾಡು, ಅಲಾರಾಂ, ಜೋಡಿಸಿಟ್ಟ ಸ್ಕ್ರೀನ್ ಎಲ್ಲ ಹೋಯಿತು. 74 ಹೋಗಿ 61 ಆಯಿತು.

ಉರಿಯುವ ವಿಷಯ ಇದಲ್ಲ. ನನ್ನ ಸ್ನೇಹಿತನದೂ ಅದೇ ಕಂಪನಿಯ ವಾಚು, ಒಂದು ವರ್ಷ ಹೊಸ ಮಾಡೆಲ್. ನಿನ್ನೆ ಅವನೂ ಹತ್ತಿದ. ಅವನಿಗೆ 246. ಅವನ ಅಪ್‌ಡೇಟ್ ವಿವರದಲ್ಲಿ "ಎತ್ತರದ ಲೆಕ್ಕದ ದೋಷ ಸರಿಪಡಿಸಲಾಗಿದೆ" ಎಂದು ಒಂದು ಸಾಲು ಇದೆ. ನನ್ನದರಲ್ಲಿ "ಸಣ್ಣಪುಟ್ಟ ಸುಧಾರಣೆಗಳು" ಅಷ್ಟೇ. ನಾವು ಕೊಟ್ಟಿದ್ದು ದುಡ್ಡಲ್ವಾ?

ಯಾರಿಗಾದರೂ ಪರಿಹಾರ ಗೊತ್ತಿದ್ದರೆ ಹೇಳಿ. ಜಿಪಿಎಸ್ ಸರಿ ಇದೆ, ಅದನ್ನು ಕೇಳಬೇಡಿ.

ಕಬ್ಬನ್_ಓಟಗಾರ · 8:05

ತೂತು ಮುಚ್ಚಿಕೊಂಡಿದೆ. ವಾಚಿನ ಬದಿಯಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್‌ಗೆ ಸಣ್ಣ ತೂತು ಇರುತ್ತದೆ. ಬೆವರಿನ ಉಪ್ಪು, ಸನ್‌ಸ್ಕ್ರೀನ್ ಸೇರಿ ಕಟ್ಟಿಕೊಳ್ಳುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನೆನೆಸಿಡಿ, ಸರಿಹೋಗುತ್ತದೆ. ಪಿನ್ನು ಮಾತ್ರ ಹಾಕಬೇಡಿ.

ಮೆಟ್ಟಿಲು_ಮೈಸೂರು · 8:11

ತೊಳೆದಿದ್ದೇನೆ ಸರ್. ಮೂರು ಸಲ.

ಕಬ್ಬನ್_ಓಟಗಾರ · 8:14

ಸೋಪು ಹಾಕಿದ್ರಾ? ಸೋಪು ಹಾಕಿದ್ದರೆ ಅದೇ ಒಳಗೆ ಒಣಗಿ ಕೂತಿರುತ್ತದೆ. ಮತ್ತೆ ತೊಳೆಯಿರಿ, ಈ ಸಲ ಬರೀ ನೀರು. ನನಗೆ ಎರಡು ಸಲ ಹೀಗಾಗಿತ್ತು, ಎರಡು ಸಲವೂ ತೂತೇ.

ಹಳೇ_ಫರ್ಮ್‌ವೇರ್ · 8:52

ಇಂಥದ್ದೇ ಸಣ್ಣ ಸಾಧನಗಳಿಗೆ ಕೋಡ್ ಬರೆಯುವುದು ನನ್ನ ಕೆಲಸ, ವಾಚ್ ಕಂಪನಿಯಲ್ಲಲ್ಲ. "ಸೆನ್ಸರ್ ಒಂದೇ ಆದಮೇಲೆ ಸರಿಪಡಿಸಿದ ಕೋಡನ್ನೂ ಹಾಕಿದರಾಯಿತು" ಎಂದುಕೊಳ್ಳುತ್ತೇವೆ. ಆದರೆ ಹಳೆಯ ಮಾಡೆಲ್‌ನಲ್ಲಿ ಒಳಗಿನ ಪ್ರೊಸೆಸರ್ ಬೇರೆ, ಮೆಮೊರಿ ಕಡಿಮೆ, ಅದಕ್ಕೆಂದು ಇಟ್ಟ ಕೋಡೇ ಬೇರೆ. ಹೊಸದರಲ್ಲಿ ಸರಿ ಮಾಡಿದ್ದನ್ನು ಹಳೆಯದಕ್ಕೆ ತಂದು ಕೂರಿಸಬೇಕು. ಆಮೇಲೆ ಬ್ಯಾಟರಿ, ಈಜು, ನಿದ್ದೆ ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕು. ಅಷ್ಟರಲ್ಲಿ ಆ ತಂಡದ ಅರ್ಧ ಜನ ಮುಂದಿನ ಮಾಡೆಲ್‌ಗೆ ಹೋಗಿರುತ್ತಾರೆ.

ಇನ್ನೊಂದು. ಅಪ್‌ಡೇಟನ್ನು ಎಲ್ಲರಿಗೂ ಒಟ್ಟಿಗೆ ಬಿಡುವುದಿಲ್ಲ. ಮೊದಲು ಕೆಲವರಿಗೆ ಕೊಟ್ಟು ನೋಡಿ, ತೊಂದರೆ ಇಲ್ಲದಿದ್ದರೆ ಉಳಿದವರಿಗೆ. ನಿಮ್ಮ ವರ್ಷನ್ ನಂಬರ್ ಎಷ್ಟು? ಸೆನ್ಸರಿನ ಸಾಫ್ಟ್‌ವೇರ್‌ಗೆ ಬೇರೆ ನಂಬರ್ ಇರುತ್ತದೆ, ಅದನ್ನೂ ಹಾಕಿ.

ಮಲೆನಾಡು_ಪೆಡಲ್ · 9:10

ಪರೀಕ್ಷೆ ಗಿರೀಕ್ಷೆ ಏನಿಲ್ಲ ಗುರು. ಹಳೆಯದು ಸರಿಯಾಗಿ ಓಡಿದರೆ ಹೊಸದನ್ನು ಯಾರು ಕೊಳ್ಳುತ್ತಾರೆ? ಅಷ್ಟೇ ಕಥೆ.

ಹಳೇ_ಫರ್ಮ್‌ವೇರ್ · 9:18

ಬೇಕಂತಲೇ ಕೆಡಿಸುವಷ್ಟು ಪುರುಸೊತ್ತು ಯಾವ ತಂಡಕ್ಕೂ ಇರುವುದಿಲ್ಲ. ಮರೆತುಬಿಡುತ್ತಾರೆ, ಅಷ್ಟೇ.

ಮಲೆನಾಡು_ಪೆಡಲ್ · 9:21

ಮರೆತರೂ ಅಷ್ಟೇ, ಕೆಡಿಸಿದರೂ ಅಷ್ಟೇ. ದುಡ್ಡು ಕೊಟ್ಟವನಿಗೆ ಎರಡೂ ಒಂದೇ. ನಾನಂತೂ ವಾಚ್ ನಂಬುವುದು ಬಿಟ್ಟು ವರ್ಷವಾಯಿತು. ಸೈಕಲ್ ಹ್ಯಾಂಡಲ್ ಮೇಲೆ ಬೇರೆ ಕಂಪ್ಯೂಟರ್, ಎದೆಗೆ ಬಡಿತ ಅಳೆಯುವ ಬೆಲ್ಟು, ಪೆಡಲ್‌ನಲ್ಲಿ ಪವರ್ ಮೀಟರ್. ವಾಚು ಟೈಮ್ ನೋಡಲಿಕ್ಕೆ. ಮುಳ್ಳಯ್ಯನಗಿರಿ ರಸ್ತೆ ಏರುವಾಗ ಕಂಪ್ಯೂಟರ್ ಒಂದೇ ಒಂದು ದಿನ ಕೈ ಕೊಟ್ಟಿಲ್ಲ. ಫೋಟೋ ಬೇಕಾದರೆ ಹಾಕುತ್ತೇನೆ.

ಕಬ್ಬನ್_ಓಟಗಾರ · 9:30

ಬೆಲ್ಟ್ ಯಾವುದು? ನಾನೂ ಹುಡುಕುತ್ತಿದ್ದೇನೆ. ಕೈಯ ಹಸಿರು ಲೈಟಿನ ಸೆನ್ಸರ್ ಓಡುವಾಗ ಹೆಜ್ಜೆಯನ್ನೇ ಎದೆಬಡಿತ ಅಂದುಕೊಳ್ಳುತ್ತದೆ. ನಿಧಾನ ಓಟದಲ್ಲೂ 172 ತೋರಿಸುತ್ತದೆ. ನೋಡಿದರೆ ನನ್ನ ಹೆಜ್ಜೆ ನಿಮಿಷಕ್ಕೆ 172.

ಲೇನ್_ಎರಡು · 9:44

ಇಲ್ಲೇ ಕೇಳಿಬಿಡುತ್ತೇನೆ. ಸ್ಟೇಡಿಯಂ ಟ್ರ್ಯಾಕ್‌ನಲ್ಲಿ 10 ಸುತ್ತು ಓಡಿದರೆ ನನ್ನ ವಾಚ್ 4.08 ಕಿಮೀ ಅನ್ನುತ್ತದೆ. 4 ಆಗಬೇಕಲ್ವಾ? ಇದೂ ಅಪ್‌ಡೇಟ್ ಬಗ್ಗೇ?

ಪಾದರಸ · 10:02

@ಲೇನ್_ಎರಡು ನಿಮ್ಮ ಹೆಸರಲ್ಲೇ ಉತ್ತರ ಇದೆ. 400 ಮೀಟರ್ ಇರುವುದು ಮೊದಲನೇ ಲೇನ್‌ಗೆ. ಲೇನ್ ಅಗಲ 1.22 ಮೀಟರ್, ಆದ್ದರಿಂದ ಎರಡನೆಯದರಲ್ಲಿ ಸುತ್ತಿಗೆ ಸುಮಾರು 7.7 ಮೀಟರ್ ಜಾಸ್ತಿ. ಹತ್ತು ಸುತ್ತಿಗೆ 77. ವಾಚ್ ಸರಿಯಾಗೇ ಇದೆ.

@ಮೆಟ್ಟಿಲು_ಮೈಸೂರು ನೀವು ಹೇಳದೆ ಬಿಟ್ಟ ವಿಷಯ ಬಹಳ ಇದೆ. ಎಷ್ಟು ಹೊತ್ತಿಗೆ ಹತ್ತಿದಿರಿ? ಎಷ್ಟು ಸಮಯ ಹಿಡಿಯಿತು? ಮಳೆ ಇತ್ತಾ? ವಾಚಿನಲ್ಲಿ ಒತ್ತಡದ ಗ್ರಾಫ್ ಸಿಗುತ್ತದೆ. ಬುಡದಲ್ಲಿ ಎಷ್ಟು, ಮೇಲೆ ಎಷ್ಟು ಇತ್ತು ಹಾಕಿ. ಅದು ಬರುವ ತನಕ ತೂತು ತೊಳೆಯುವುದನ್ನು ನಿಲ್ಲಿಸಿ.

ಕಬ್ಬನ್_ಓಟಗಾರ · 10:06

ತೂತು ಅಲ್ಲ ಎಂದು ನೋಡದೆ ಹೇಗೆ ಹೇಳುತ್ತೀರಿ?

ಮೆಟ್ಟಿಲು_ಮೈಸೂರು · ಮಧ್ಯಾಹ್ನ 1:15

ಗ್ರಾಫ್ ನೋಡಿದೆ. ಗಾಳಿಯ ಒತ್ತಡ ಬುಡದಲ್ಲಿ 920 ಹೆಕ್ಟೋಪಾಸ್ಕಲ್, ಮೇಲೆ 895. ಬೆಳಿಗ್ಗೆ 5:30ಕ್ಕೆ ಶುರು, 8ಕ್ಕೆ ಮುಟ್ಟಿದೆವು. ತುಂತುರು ಇತ್ತು.

ಹಳೇ_ಫರ್ಮ್‌ವೇರ್ · 1:20

ಎರಡೂವರೆ ಗಂಟೆ?! ಸಾವಿರ ಮೆಟ್ಟಿಲಿಗೆ?

ಮೆಟ್ಟಿಲು_ಮೈಸೂರು · 1:26

ಆಷಾಢ ಶುಕ್ರವಾರ ಅಲ್ವಾ. ಮನೆಯವರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬರುತ್ತಾರೆ. ಹರಕೆ. ನಾನು ಪೊಟ್ಟಣ ಹಿಡಿದು ಪಕ್ಕದಲ್ಲಿ. ಜನ ಬೇರೆ. ಇದು ಗೊತ್ತಿರುವ ವಿಷಯವೇ ಅಂತ ಬರೆಯಲಿಲ್ಲ. ಸ್ನೇಹಿತ ಒಬ್ಬನೇ ಸಂಜೆ ಬಂದು 28 ನಿಮಿಷದಲ್ಲಿ ಹತ್ತಿದ.

ಹಾಂ, ವಾಚು ದಾರಿಯಲ್ಲಿ ಎರಡು ಸಲ ನಡುಗಿ "ಬಿರುಗಾಳಿ ಎಚ್ಚರಿಕೆ" ಎಂದಿತ್ತು. ಮಳೆಗಾಲ ಅಲ್ವಾ ಅಂತ ಸುಮ್ಮನೆ ಒತ್ತಿ ಮುಚ್ಚಿದೆ.

ಪಾದರಸ · 1:50

ಇದನ್ನು ಮೊದಲೇ ಹೇಳಿದ್ದರೆ ಮೂರು ಸಲ ತೊಳೆಯುವುದು ತಪ್ಪುತ್ತಿತ್ತು!

ನೋಡಿ. ನಮ್ಮ ಮೈಸೂರಿನ ಎತ್ತರದಲ್ಲಿ ಒಂದು ಹೆಕ್ಟೋಪಾಸ್ಕಲ್ ಇಳಿದರೆ ಹೆಚ್ಚುಕಡಿಮೆ 9.5 ಮೀಟರ್ ಏರಿದ ಹಾಗೆ. 25 ಇಳಿದಿದೆ. ಗುಣಿಸಿ, 237. ಅಂದರೆ ಸೆನ್ಸರ್ ಬೆಟ್ಟವನ್ನು ಪೂರ್ತಿ ನೋಡಿದೆ. ತೂತು ಸ್ವಚ್ಛವಾಗಿದೆ. ಕೆಟ್ಟಿರುವುದು ಅದರ ಮೇಲೆ ಕೂತಿರುವ ಲೆಕ್ಕ.

ಒತ್ತಡ ಎರಡು ಕಾರಣಕ್ಕೆ ಇಳಿಯುತ್ತದೆ. ನೀವು ಮೇಲೆ ಹೋಗಬೇಕು, ಇಲ್ಲವೇ ಹವಾಮಾನ ಕೆಡಬೇಕು. ಯಾವುದು ಎಂದು ಸೆನ್ಸರ್‌ಗೆ ಗೊತ್ತಾಗುವುದಿಲ್ಲ. ಅದನ್ನು ಸಾಫ್ಟ್‌ವೇರ್ ಊಹಿಸಬೇಕು. ಚುರುಕಾಗಿ ಹೋಗುತ್ತಿದ್ದರೆ "ಇವನು ಹತ್ತುತ್ತಿದ್ದಾನೆ" ಅನ್ನುತ್ತದೆ. ನಿಂತ ಹಾಗೇ ಇದ್ದರೆ "ಮಳೆ ಬರುತ್ತಿದೆ" ಅನ್ನುತ್ತದೆ. ನೀವು ಪ್ರತಿ ಮೆಟ್ಟಿಲಿಗೂ ನಿಂತಿದ್ದೀರಿ. ವಾಚಿನ ಪ್ರಕಾರ ನೀವು ಹತ್ತಲೇ ಇಲ್ಲ, ಬಿರುಗಾಳಿ ಬಂತು. ಇಂಥ ವಾಚುಗಳಲ್ಲಿ ಮೂರು ಗಂಟೆಗೆ 4 ಹೆಕ್ಟೋಪಾಸ್ಕಲ್ ಇಳಿದರೆ ಸಾಮಾನ್ಯವಾಗಿ ಎಚ್ಚರಿಕೆ ಕೂಗುತ್ತದೆ. ನಿಮ್ಮದರಲ್ಲಿ 25! ಅಷ್ಟು ಇಳಿಯಬೇಕಾದರೆ ಬಂಗಾಳಕೊಲ್ಲಿಯ ಚಂಡಮಾರುತ ಸೀದಾ ಚಾಮುಂಡಿಪುರಕ್ಕೆ ಬರಬೇಕು. ಆ ಕೋಡ್ ಬರೆದವರು ಇಷ್ಟಾದರೂ ಯೋಚಿಸಬೇಕಿತ್ತು.

ಇನ್ನೊಂದು ಮಜಾ. ನಮ್ಮ ಕಡೆ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ತಾನಾಗೇ ಏರಿಳಿಯುತ್ತದೆ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಕಡಿಮೆ, ಹತ್ತರ ಹೊತ್ತಿಗೆ ಜಾಸ್ತಿ. ಎರಡು ಮೂರು ಹೆಕ್ಟೋಪಾಸ್ಕಲ್ ವ್ಯತ್ಯಾಸ. ಮನೆಯಲ್ಲಿ ಮಲಗಿದ್ದರೂ ವಾಚು ನಿಮ್ಮನ್ನು 20 ಮೀಟರ್ ಕೆಳಗಿಳಿಸಬಹುದು. ಆದ್ದರಿಂದ ಸಾಫ್ಟ್‌ವೇರ್ ಊಹೆ ಮಾಡುವುದೇ ತಪ್ಪಲ್ಲ. ಈ ವರ್ಷನ್‌ನಲ್ಲಿ ಊಹೆಯ ಮಿತಿ ಕೆಟ್ಟಿದೆ.

ಸೆಟ್ಟಿಂಗ್‌ನಲ್ಲಿ ಬ್ಯಾರೋಮೀಟರ್ (ಅದೇ ಒತ್ತಡದ ಸೆನ್ಸರ್) ಒಳಗೆ ಹೋಗಿ. ಆಟೋ, ಎತ್ತರ ಮಾತ್ರ, ಹವಾಮಾನ ಮಾತ್ರ ಎಂದು ಮೂರು ಇರಬಹುದು. "ಎತ್ತರ ಮಾತ್ರ" ಹಾಕಿ ನೋಡಿ.

ಮೆಟ್ಟಿಲು_ಮೈಸೂರು · 2:04

ಆಟೋದಲ್ಲಿದೆ. ಮೊದಲು ನಾನು "ಎತ್ತರ ಮಾತ್ರ" ಇಟ್ಟಿದ್ದ ನೆನಪು. ಅಪ್‌ಡೇಟ್ ಬದಲಾಯಿಸಿತೋ, ರೀಸೆಟ್ ಬದಲಾಯಿಸಿತೋ ಗೊತ್ತಿಲ್ಲ. ಆದರೆ 74 ಬಂದಿದ್ದು ರೀಸೆಟ್‌ಗಿಂತ ಮೊದಲು.

ಹೋದ ವರ್ಷದ ಆಷಾಢದ್ದೂ ತೆಗೆದು ನೋಡಿದೆ. ಇದೇ ಹರಕೆ, ಇದೇ ಪೊಟ್ಟಣ, 2 ಗಂಟೆ 40 ನಿಮಿಷ. 241 ಮೀಟರ್. ನಿಧಾನ ಹತ್ತಿದ್ದು ನನ್ನ ತಪ್ಪು ಅನ್ನಬೇಡಿ.

ಹಳೇ_ಫರ್ಮ್‌ವೇರ್ · 2:15

ಹಾಗಾದರೆ ಅಪ್‌ಡೇಟ್ ಸೆಟ್ಟಿಂಗನ್ನು ಆಟೋಗೆ ಎಳೆದಿದೆ. ಹೊಸ ಕೋಡ್‌ಗೆ ಹಳೆಯ ಸೆಟ್ಟಿಂಗ್ ಫೈಲನ್ನು ಓದಲಾಗದಿದ್ದರೆ ಕಂಪನಿ ಇಟ್ಟ ಮೂಲ ಸೆಟ್ಟಿಂಗ್‌ಗೆ ಹೋಗುತ್ತದೆ. ಮಾಮೂಲಿ ಎಡವಟ್ಟು. ಸ್ನೇಹಿತರ ವಾಚಿಗೆ ಸರಿ ಮಾಡಿದ್ದು ಇದನ್ನೋ, ಊಹೆಯ ಮಿತಿಯನ್ನೋ, ಆ ಒಂದು ಸಾಲಿನಿಂದ ಹೇಳಲಾಗುವುದಿಲ್ಲ. ಅವರು ಬೇಗ ಹತ್ತಿದ್ದರಿಂದ ಅವರ 246 ಯಾವುದನ್ನೂ ಸಾಬೀತು ಮಾಡುವುದಿಲ್ಲ. ಮುಂದಿನ ಶುಕ್ರವಾರ ಇಬ್ಬರೂ ಒಟ್ಟಿಗೆ ಹತ್ತಿ.

ಮಲೆನಾಡು_ಪೆಡಲ್ · 2:31

ಇಷ್ಟೆಲ್ಲ ಯಾಕೆ? ವಾಚಿನ ಎತ್ತರ ಬಿಟ್ಟು, ಸ್ಟ್ರಾವಾ ಆ್ಯಪ್‌ಗೆ ಹಾಕಿದ ಮೇಲೆ ಎತ್ತರ ತಿದ್ದುವ ಆಯ್ಕೆ ಒತ್ತಿ. ನಕ್ಷೆಯಿಂದ ತೆಗೆದುಕೊಳ್ಳುತ್ತದೆ.

ಪಾದರಸ · 2:40

ರಸ್ತೆಗೆ ಆಗಬಹುದು, ಮೆಟ್ಟಿಲಿಗೆ ಕಷ್ಟ. ಎತ್ತರದ ನಕ್ಷೆಗಳು ಚೌಕ ಚೌಕವಾಗಿ ಇರುತ್ತವೆ. 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಹಾಕಿ ಅಳೆದ ದತ್ತಾಂಶದಲ್ಲಿ ಒಂದು ಚೌಕ ಸುಮಾರು 30 ಮೀಟರ್. ಕಡಿದಾದ ಕಡೆ ಜಿಪಿಎಸ್ ಗೆರೆ ಮರದ ಕೆಳಗೆ ಹತ್ತು ಮೀಟರ್ ಆಚೀಚೆ ಸರಿದರೆ ಪಕ್ಕದ ಚೌಕಕ್ಕೆ ಹಾರುತ್ತದೆ. ಇಲ್ಲದ ಏರಿಳಿತ ಸೇರಿಕೊಳ್ಳುತ್ತದೆ.

ಕಬ್ಬನ್_ಓಟಗಾರ · 2:48

ಅಂದಹಾಗೆ ಸಾವಿರ ಅಲ್ಲ, 1008 ಮೆಟ್ಟಿಲು.

ಹಳೇ_ಫರ್ಮ್‌ವೇರ್ · 2:50

ಸಾವಿರ. ಮೊದಲಿಂದಲೂ ಸಾವಿರ ಅಂತಲೇ ಹೇಳುವುದು.

ಕಬ್ಬನ್_ಓಟಗಾರ · 2:53

ಹೇಳುವುದು ಬೇರೆ, ಇರುವುದು ಬೇರೆ. ನೀವು ಎಣಿಸಿದ್ದೀರಾ?

ಮೆಟ್ಟಿಲು_ಮೈಸೂರು · 3:10

ಮನೆಯವರನ್ನು ಕೇಳಿದೆ. "ಕುಂಕುಮ ಹಚ್ಚುವಾಗ ಯಾರು ಎಣಿಸುತ್ತಾರೆ" ಎಂದರು.

ಮಾಡರೇಟರ್ · 3:30

ಮೆಟ್ಟಿಲಿನ ಲೆಕ್ಕ, ಎದೆಬೆಲ್ಟು, ಟ್ರ್ಯಾಕಿನ ಮಾತು ಬೇರೆ ಕಡೆ ಆಡಿ. ಮಲೆನಾಡು_ಪೆಡಲ್ ಅವರೇ, ಫೋಟೋ ಇಲ್ಲಿ ಬೇಡ.

ಮೆಟ್ಟಿಲು_ಮೈಸೂರು · ಮುಂದಿನ ಶನಿವಾರ, ಬೆಳಿಗ್ಗೆ 9:00

ನಿನ್ನೆ ಸ್ನೇಹಿತನನ್ನೂ ಎಳೆದುಕೊಂಡು ಹೋದೆ. ಪಾಪ, ಅವನಿಗೂ ಒಂದು ಪೊಟ್ಟಣ ಹಿಡಿಸಿದೆವು. ನನ್ನದು "ಎತ್ತರ ಮಾತ್ರ", ಅವನದು ಆಟೋ. 2 ಗಂಟೆ 20 ನಿಮಿಷ.

ನನಗೆ 238. ಅವನಿಗೆ 243. ಅವನ ವಾಚು ಒಂದು ಸಲವೂ ಬಿರುಗಾಳಿ ಅನ್ನಲಿಲ್ಲ.

ಅಂದರೆ ಹೊಸದರಲ್ಲಿ ಆಟೋ ಸರಿ ಮಾಡಿದ್ದಾರೆ. ನನ್ನದರಲ್ಲಿ ಆಟೋ ಬಳಸದೆ ನಾನೇ ದಾರಿ ಹುಡುಕಿಕೊಳ್ಳಬೇಕು. "ಎತ್ತರ ಮಾತ್ರ" ಇಟ್ಟರೆ ನಿಜವಾದ ಬಿರುಗಾಳಿಗೂ ಎಚ್ಚರಿಕೆ ಬರುವುದಿಲ್ಲ. ಮುಂದಿನ ತಿಂಗಳು ಕುಮಾರಪರ್ವತಕ್ಕೆ ಹೊರಟಿದ್ದೇವೆ, ಅಲ್ಲಿ ಅದು ಬೇಕು.

ಎರಡೂ ಗ್ರಾಫ್ ಸೇರಿಸಿ ಕಸ್ಟಮರ್ ಕೇರ್‌ಗೆ ಕಳಿಸಿದೆ. ಉತ್ತರ ಬಂತು: ರೀಸೆಟ್ ಮಾಡಿ.

ಪಾದರಸ · 9:20

ಮಾಡಬೇಡಿ! ಮತ್ತೆ ಆಟೋಗೆ ಹೋಗುತ್ತದೆ. ಅದೇ ಉತ್ತರಕ್ಕೆ ಮೂರು ಸಾಲು ಬರೆಯಿರಿ. ಒತ್ತಡ 25 ಇಳಿದಿದೆ, ಏರಿಕೆ 61, ಹೊಸ ಮಾಡೆಲ್‌ನಲ್ಲಿ ಹೀಗೇ ನಿಧಾನ ಹತ್ತಿದರೂ ಸರಿ. ಉದ್ದ ಬರೆದರೆ ಓದುವುದಿಲ್ಲ. ಇಂಜಿನಿಯರ್‌ಗೆ ಕಳಿಸಿ ಎಂದು ಕೇಳಿ.

ಕಬ್ಬನ್_ಓಟಗಾರ · 9:41

238ಕ್ಕೂ 243ಕ್ಕೂ 5 ಮೀಟರ್ ವ್ಯತ್ಯಾಸ ಇದೆಯಲ್ಲ. ತೂತಲ್ಲಿ ಸ್ವಲ್ಪ ಏನೋ ಉಳಿದಿದೆ. ಕುಂಕುಮದ ಕೈಯಲ್ಲಿ ಮುಟ್ಟಿರುತ್ತೀರಿ.

ಹೊಸಬ_ತುಮಕೂರು · ಎರಡು ವಾರದ ನಂತರ

ನನಗೂ ಇದೇ ತೊಂದರೆ, ದೇವರಾಯನದುರ್ಗ 30 ಮೀಟರ್ ತೋರಿಸುತ್ತಿದೆ. ಆದರೆ ನನ್ನ ವಾಚಿನಲ್ಲಿ "ಎತ್ತರ ಮಾತ್ರ" ಅನ್ನುವ ಆಯ್ಕೆಯೇ ಇಲ್ಲ. ಏನು ಮಾಡಲಿ?

ಪಾದರಸ · ಅದೇ ದಿನ

ಮಾಡೆಲ್ ಯಾವುದು? ಬುಡದಲ್ಲಿ, ಮೇಲೆ ಒತ್ತಡ ಎಷ್ಟಿತ್ತು?

ಹೊಸಬ_ತುಮಕೂರು · ಅದೇ ದಿನ

ಕಪ್ಪು ಬಣ್ಣದ್ದು. ಒತ್ತಡ ಎಲ್ಲಿ ನೋಡುವುದು ಸರ್?