ಪುಣೆ ಕಡೆ ಎರೆಮಣ್ಣು, ಮಹಾಬಳೇಶ್ವರದಲ್ಲಿ ಕೆಂಪುಕಲ್ಲು: ಅಡಿಯಲ್ಲಿರುವುದು ಒಂದೇ ಬಸಾಲ್ಟ್ ಅಲ್ಲವೇ?

ಡೊಂಬಿವಲಿ ಟೀಚರ್:
ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಒಂಬತ್ತನೇ ತರಗತಿಗೆ ಶಿಲೆಗಳ ಶಿಥಿಲೀಕರಣದ ಪಾಠ ನಡೆಯುತ್ತಿದೆ. ‘ಬಸಾಲ್ಟ್ (ಲಾವಾ ಆರಿ ಆದ ಕರಿಕಲ್ಲು) ಶಿಥಿಲವಾದರೆ ಕಪ್ಪು ಮಣ್ಣು’ ಎಂದು ಬರೆಸಿದ ಮೇಲೆ ಮಕ್ಕಳು ಕೇಳುತ್ತಿದ್ದಾರೆ: ಹಾಗಾದರೆ ಮಹಾಬಳೇಶ್ವರ, ಪಂಚಗಣಿ, ಗೋವಾ ಯಾಕೆ ಕೆಂಪು? ಸರಿಯಾದ ಕಾರಣ ಬೇಕು. ಶಾಲೆಯಲ್ಲೇ ಮಾಡಬಹುದಾದ ಪ್ರಯೋಗ ಇದ್ದರೆ ಅದನ್ನೂ ತಿಳಿಸಿ.

ಎರೆಹೊಲ:
ಮೇಡಂ, ವ್ಯತ್ಯಾಸ ಇರುವುದು ಮಳೆಯಲ್ಲಿ ಮತ್ತು ಆ ನೀರು ಇಳಿದು ಹೋಗುವ ರೀತಿಯಲ್ಲಿ.

ಬಸಾಲ್ಟಿನಲ್ಲಿ ಅರ್ಧದಷ್ಟು ಸಿಲಿಕಾ. ಉಳಿದದ್ದರಲ್ಲಿ ಅಲ್ಯೂಮಿನಿಯಂ, ಕಬ್ಬಿಣ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಖ್ಯ. ಮಳೆನೀರು ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಆಮ್ಲೀಯವಾಗುತ್ತದೆ. ಅದು ಮೊದಲು ಹೊತ್ತೊಯ್ಯುವುದು ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ. ಆಮೇಲೆ ನಿಧಾನವಾಗಿ ಸಿಲಿಕಾ ಹೋಗುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಸುಲಭಕ್ಕೆ ಕರಗದೆ ಅಲ್ಲೇ ಕೂರುತ್ತವೆ.

ಪುಣೆ ನಗರಕ್ಕೆ ವರ್ಷಕ್ಕೆ ಬೀಳುವ ಮಳೆ 70–75 ಸೆಂ.ಮೀ. ಆಸುಪಾಸು, ಪೂರ್ವಕ್ಕೆ ಹೋದಂತೆ ಇನ್ನೂ ಕಡಿಮೆ. ತಗ್ಗಿನ ಹೊಲಗಳಲ್ಲಿ ನೀರು ನಿಲ್ಲುವುದರಿಂದ ಸಿಲಿಕಾ, ಮೆಗ್ನೀಸಿಯಂ ಉಳಿದು ಸ್ಮೆಕ್ಟೈಟ್ ಎಂಬ ಉಬ್ಬುವ ಜೇಡಿ ಆಗುತ್ತದೆ. ಅದೇ ಎರೆಮಣ್ಣು. ಮಹಾಬಳೇಶ್ವರದಲ್ಲಿ ಮಳೆ 550 ಸೆಂ.ಮೀ. ದಾಟುತ್ತದೆ. ಸಿಲಿಕಾ ಕೂಡ ತೊಳೆದುಹೋಗಿ ಕಬ್ಬಿಣದ ಆಕ್ಸೈಡ್ ಗಟ್ಟಿಕಟ್ಟಿದರೆ ಲ್ಯಾಟರೈಟ್. ನಮ್ಮ ಕರಾವಳಿಯವರ ಮುರಕಲ್ಲು, ಮರಾಠಿಯವರ ಜಾಂಭಾ ಅದೇ.

ಒಂದು ತಪ್ಪನ್ನು ದಯವಿಟ್ಟು ಈಗಲೇ ತಿದ್ದಿ. ಎರೆಮಣ್ಣು ಕಪ್ಪಾಗಿರುವುದು ಗೊಬ್ಬರದ ಅಂಶ ಹೆಚ್ಚಿರುವುದರಿಂದ ಅಲ್ಲ. ಸಾವಯವ ಇಂಗಾಲ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಇದ್ದಷ್ಟು ಜೇಡಿಯ ಕಣಗಳಿಗೆ ಬಿಗಿಯಾಗಿ ಅಂಟಿರುವುದರಿಂದ ಅಷ್ಟು ಕಪ್ಪು.

ಜರಡಿ_ಜಾಡಿ:
ಪ್ರಯೋಗಕ್ಕೆ ಬರುತ್ತೇನೆ. ಮಣ್ಣು ನೀರಿನಲ್ಲಿ ಎಷ್ಟು ಉಬ್ಬುತ್ತದೆ ಎಂದು ನೋಡಲು ಸಿವಿಲ್ ಎಂಜಿನಿಯರುಗಳು ಮಾಡುವ ‘ಫ್ರೀ ಸ್ವೆಲ್’ ಪರೀಕ್ಷೆ ಶಾಲೆಗೂ ಒಗ್ಗುತ್ತದೆ.

ಒಂದೊಂದು ಮಣ್ಣಿಗೆ 100 ಮಿ.ಲೀ.ನ ಎರಡು ಅಳತೆ ಜಾಡಿ ಬೇಕು. ಮಣ್ಣನ್ನು ಎರಡು ದಿನ ಬಿಸಿಲಲ್ಲಿ ಒಣಗಿಸಿ. ತವೆಯ ಮೇಲೆ ಹುರಿಯಬೇಡಿ, ಹೆಚ್ಚು ಕಾವು ತಗುಲಿದರೆ ಜೇಡಿ ಉಬ್ಬುವ ಗುಣವನ್ನೇ ಕಳೆದುಕೊಳ್ಳುತ್ತದೆ. ಕುಟ್ಟಿ 425 ಮೈಕ್ರಾನ್ ಜರಡಿಯಲ್ಲಿ ಸೋಸಿ. ಜರಡಿ ಸಿಗದಿದ್ದರೆ ತೆಳು ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡಿ, ಆದರೆ ಎಲ್ಲ ಮಣ್ಣಿಗೂ ಅದೇ ಬಟ್ಟೆ ಇರಲಿ. 10 ಗ್ರಾಂ ತೂಗಿ ಒಂದು ಜಾಡಿಗೆ, ಇನ್ನೊಂದು 10 ಗ್ರಾಂ ಮತ್ತೊಂದಕ್ಕೆ. ಮೊದಲನೆಯದನ್ನು 100ರ ಗೆರೆಯವರೆಗೆ ಡಿಸ್ಟಿಲ್ಡ್ ವಾಟರಿನಿಂದ, ಎರಡನೆಯದನ್ನು ಸೀಮೆಎಣ್ಣೆಯಿಂದ ತುಂಬಿ. ಗಾಜಿನ ಕಡ್ಡಿಯಿಂದ ಕದಡಿ ಗುಳ್ಳೆ ಬಿಡಿಸಿ, 24 ಗಂಟೆ ಅಲುಗಿಸದೆ ಇಟ್ಟು ಮಣ್ಣಿನ ಮಟ್ಟ ಓದಿ.

ನೀರಿನ ಅಣು ಸ್ಮೆಕ್ಟೈಟಿನ ಪದರಗಳ ನಡುವೆ ನುಗ್ಗುತ್ತದೆ, ಸೀಮೆಎಣ್ಣೆ ನುಗ್ಗುವುದಿಲ್ಲ. ನೀರಿನಲ್ಲಿ 18, ಸೀಮೆಎಣ್ಣೆಯಲ್ಲಿ 10 ಮಿ.ಲೀ. ಬಂತು ಎನ್ನಿ: (18 − 10) ÷ 10 × 100 = ಶೇ. 80 ಉಬ್ಬು.

ಕೆಡುವುದು ಎಲ್ಲಿ? ಪುಡಿಯನ್ನು ಒಮ್ಮೆಲೇ ನೀರಿಗೆ ಸುರಿದರೆ ಗಂಟುಕಟ್ಟಿ ಒಳಗೆ ಗಾಳಿ ಉಳಿಯುತ್ತದೆ, ಮಟ್ಟ ಸುಳ್ಳು ಹೇಳುತ್ತದೆ. ಬೋರ್‌ವೆಲ್ಲಿನ ಉಪ್ಪುನೀರು ಹಾಕಿದರೆ ಉಬ್ಬು ಕಡಿಮೆ ಬರುತ್ತದೆ. ನರ್ಸರಿ ಚೀಲದ ಮಣ್ಣಂತೂ ಬೇಡವೇ ಬೇಡ, ಅದರಲ್ಲಿ ತೆಂಗಿನ ನಾರಿನ ಪುಡಿ, ಗೊಬ್ಬರ ಬೆರೆತಿರುತ್ತದೆ. ಸೊಲ್ಲಾಪುರ ಕಡೆಯ ಹೊಲದಿಂದ, ಒಂದು ಅಡಿ ಆಳದ ಎರೆ ತರಿಸಿಕೊಳ್ಳಿ. ಸೀಮೆಎಣ್ಣೆಯನ್ನು ಶಿಕ್ಷಕರೇ ಸುರಿಯಬೇಕು, ಹತ್ತಿರ ಬೆಂಕಿ ಇರಬಾರದು.

ಡೊಂಬಿವಲಿ ಟೀಚರ್:
ತುಂಬ ಉಪಕಾರವಾಯಿತು. ಕೆಂಪು ಮಣ್ಣಿಗೆ ಉತ್ತರ ಸೊನ್ನೆಗಿಂತ ಕಡಿಮೆ ಬಂದರೆ ಪ್ರಯೋಗ ತಪ್ಪಿದೆ ಎಂದೇ?

ಜರಡಿ_ಜಾಡಿ:
ಅಲ್ಲ ಮೇಡಂ. ಲ್ಯಾಟರೈಟ್ ಮಣ್ಣಿನ ಜೇಡಿ ಹೆಚ್ಚಾಗಿ ಕೇಯೊಲಿನೈಟ್, ಅಷ್ಟಾಗಿ ಉಬ್ಬದ ಬಗೆ. ಅದು ಸೀಮೆಎಣ್ಣೆಯಲ್ಲಿ ಸಡಿಲ ಗೊಂಚಲಾಗಿ ಕೂತು ಹೆಚ್ಚು ಜಾಗ ಹಿಡಿಯುವುದುಂಟು, ಆಗ ಲೆಕ್ಕ ಋಣಾತ್ಮಕವಾಗುತ್ತದೆ. ಬಂದ ಅಂಕಿಯನ್ನೇ ಮಕ್ಕಳು ಬರೆಯಲಿ.

ಇನ್ನೊಂದು ಸುಲಭದ್ದು: ಎರೆಯಲ್ಲಿ ಸಿಗುವ ಬಿಳಿ ಸುಣ್ಣದ ಹರಳನ್ನು ಪುಡಿಮಾಡಿ ನಿಂಬೆರಸ ಹಿಂಡಿ. ನೊರೆಯುಕ್ಕಿದರೆ ಅಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇನ್ನೂ ಉಳಿದಿದೆ ಎಂದರ್ಥ. ಮುರಕಲ್ಲಿನ ಪುಡಿಯಲ್ಲಿ ನೊರೆ ಬರುವುದಿಲ್ಲ. ಮೇಲಿನವರು ಹೇಳಿದ ‘ತೊಳೆದುಹೋಗುವುದು’ ಮಕ್ಕಳ ಕಣ್ಣಿಗೇ ಕಾಣುತ್ತದೆ.

ಮಾಂಡೋವಿ ದಂಡೆ:
ಎರೆಹೊಲ ಅವರ ಉತ್ತರಕ್ಕೆ ಎರಡು ಸೇರ್ಪಡೆ. ಗೋವಾದ ಬಹುಭಾಗದ ಅಡಿಯಲ್ಲಿ ಬಸಾಲ್ಟ್ ಇಲ್ಲ. ಅಲ್ಲಿರುವುದು ನಮ್ಮ ಧಾರವಾಡ ಶಿಲೆಗಳ ಬಳಗದ, ಬಸಾಲ್ಟಿಗಿಂತ ಎಷ್ಟೋ ಹಳೆಯ ರೂಪಾಂತರಿತ ಶಿಲೆ. ದಖ್ಖನಿನ ಲಾವಾ 6.6 ಕೋಟಿ ವರ್ಷದ ಆಸುಪಾಸಿನದು, ಗೋವಾದ ಈಶಾನ್ಯ ಅಂಚನ್ನಷ್ಟೇ ಮುಟ್ಟುತ್ತದೆ. ಮೂಲ ಶಿಲೆ ಬೇರೆಯಾದರೂ ಕೊನೆಗೆ ಉಳಿದದ್ದು ಲ್ಯಾಟರೈಟೇ, ಮಕ್ಕಳಿಗೆ ಇದನ್ನೇ ಒತ್ತಿ ಹೇಳಿ. ಮಹಾಬಳೇಶ್ವರದ ಕೆಂಪು ಹೊದಿಕೆಯೂ ಈಗಿನ ಮಳೆಯೊಂದರ ಕೆಲಸವಲ್ಲ, ಬಹು ಹಳೆಯ ಕಾಲದಿಂದ ನಡೆದದ್ದು. ನೆತ್ತಿ ಚಪ್ಪಟೆಯಾಗಿದ್ದರಿಂದ ನೀರು ಹರಿದುಹೋಗದೆ ಒಳಗಿಳಿಯಿತು.

ಘಾಟಿನ ರಸ್ತೆ ಕಡಿದಲ್ಲಿ ಎರಡು ಬಸಾಲ್ಟ್ ಪದರಗಳ ನಡುವೆ ಕೆಂಪು ಪಟ್ಟಿ ಕಂಡರೆ ಅದನ್ನು ಲ್ಯಾಟರೈಟ್ ಎಂದು ಬರೆಸಬೇಡಿ. ಅದಕ್ಕೆ ‘ರೆಡ್ ಬೋಲ್’ ಎನ್ನುತ್ತಾರೆ. ಒಂದು ಲಾವಾ ಹರಿದು ಆರಿ, ಮೇಲ್ಮೈ ಶಿಥಿಲವಾದ ಮೇಲೆ ಮುಂದಿನ ಲಾವಾ ಅದನ್ನು ಮುಚ್ಚಿದ ಗುರುತು. ಗುರುತಿಸುವುದು ಸುಲಭ: ಮುರಕಲ್ಲಿನ ಹೊದಿಕೆ ಗುಡ್ಡದ ನೆತ್ತಿಯಲ್ಲಿ, ತೂತುತೂತಾಗಿ ಇರುತ್ತದೆ. ಬೋಲ್‌ನ ಮೇಲೂ ಕೆಳಗೂ ಕರಿಕಲ್ಲು, ಉಗುರಿಗೆ ಸಿಕ್ಕರೆ ಪುಡಿಯಾಗುತ್ತದೆ. ಮಳೆಗಾಲದಲ್ಲಿ ಆ ಕಡಿತದ ಕೆಳಗೆ ಮಕ್ಕಳನ್ನು ನಿಲ್ಲಿಸಬೇಡಿ, ಬೋಲ್ ನೆನೆದು ಜಾರಿದರೆ ಮೇಲಿನ ಬಂಡೆಯೂ ಬರುತ್ತದೆ.