ಒಳಾಂಗಣ ಕ್ರೀಡಾಂಗಣದ ಒಳಗಿನ ನೆಲಕ್ಕೆ ಏನನ್ನಬೇಕು?

ಗೆಳೆಯರೇ,

ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದ ಬಗ್ಗೆ ಒಂದು ಬರಹ ತಿದ್ದುತ್ತಿದ್ದೇನೆ. ಒಂದು ಪದ ಸಿಗುತ್ತಿಲ್ಲ.

ಮೊದಲು ಹೆಸರಿನ ಮಾತು ಮುಗಿಸಿಬಿಡೋಣ. ಎರಡೆರಡು ಅಂಗಣ, ಅದೂ ಚಾವಣಿ ಇರುವ ಕಟ್ಟಡಕ್ಕೆ! ‘ಒಳ’ ಕನ್ನಡದ್ದು, ‘ಅಂಗಣ’ ಸಂಸ್ಕೃತದ್ದು, ನಮ್ಮ ಸಂಧಿಯಂತೆ ‘ಒಳಂಗಣ’ ಆಗಬೇಕಿತ್ತು ಅಂತ ಯಾರಾದರೂ ಹೇಳೇ ಹೇಳುತ್ತೀರಿ. ಇರಲಿ ಬಿಡಿ, ‘ಹೊರಾಂಗಣ’ವೂ ಹಾಗೇ ಬಳಕೆಗೆ ಬಂದಾಗಿದೆ.

ನನ್ನ ಪ್ರಶ್ನೆ ಒಳಗಿನ ನೆಲದ್ದು. 2019ರ ಮಹಿಳಾ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ಇಲ್ಲೇ ನಡೆದಿದ್ದು, ಫೈನಲ್‌ನಲ್ಲಿ ಜಪಾನ್ ಚೀನಾವನ್ನು ಸೋಲಿಸಿತು. ಬೆಂಗಳೂರು ಬುಲ್ಸ್ ಕಬಡ್ಡಿ ಆಡಿದ್ದೂ ಇಲ್ಲೇ. ಬ್ಯಾಸ್ಕೆಟ್‌ಬಾಲ್‌ಗೆ ಮರದ ನೆಲ, 28 ಮೀಟರ್ ಉದ್ದ, 15 ಅಗಲ. ಗಂಡಸರ ಕಬಡ್ಡಿಗೆ ಮ್ಯಾಟ್, 13 ಉದ್ದ, 10 ಅಗಲ. ಗೆರೆ ಎಳೆದ ಈ ಜಾಗಕ್ಕೆ ಪತ್ರಿಕೆಗಳು ‘ಅಂಕಣ’ ಅನ್ನುತ್ತವೆ. ಒಳ್ಳೆಯ ಪದ. ಹಳೆಯ ಮನೆಗಳಲ್ಲಿ ಕಂಬಗಳ ನಡುವಿನ ಜಾಗವೂ ಅಂಕಣವೇ, ಮನೆಯ ಅಳತೆಯನ್ನೇ ಇಷ್ಟು ಅಂಕಣ ಅಂತ ಹೇಳುತ್ತಿದ್ದರು, ಹಾಗಾಗಿ ಅಳೆದು ಗುರುತು ಮಾಡಿದ ಜಾಗ ಅನ್ನುವ ಅರ್ಥ ಅದಕ್ಕೆ ಸಲೀಸಾಗಿ ಹೊಂದುತ್ತದೆ.

ಆದರೆ ಗೆರೆಯಾಚೆ? ಬೆಂಚು, ತೀರ್ಪುಗಾರರ ಮೇಜು ಎಲ್ಲಾ ಸೇರಿ, ಗ್ಯಾಲರಿ ಶುರುವಾಗುವ ತನಕದ ಇಡೀ ನೆಲಕ್ಕೆ ಏನು ಹೆಸರು? ಬ್ಯಾಡ್ಮಿಂಟನ್ ಟೂರ್ನಿಯಾದರೆ ಅದರೊಳಗೇ ಹಲವು ಅಂಕಣ ಹಾಕುತ್ತಾರೆ, ಆಗ ಇದನ್ನೂ ಅಂಕಣ ಅಂದರೆ ಗೋಜಲು. ಮೈದಾನ ಅಂದರೆ ಹುಲ್ಲು ಕಣ್ಣಿಗೆ ಬರುತ್ತದೆ. ಅಖಾಡ ಅಂದರೆ ಕುಸ್ತಿ. ಕುಸ್ತಿ ಆಡುವ ಮಣ್ಣಿನ ನೆಲಕ್ಕೆ ಮೈಸೂರಿನ ಗರಡಿಯವರು ಅನ್ನುವ ‘ಮಟ್ಟಿ’ ನನಗೆ ತುಂಬಾ ಇಷ್ಟ, ಆದರೆ ಅದನ್ನು ಮಣ್ಣಿನಿಂದ ಬಿಡಿಸಿ ಮರದ ನೆಲಕ್ಕೆ ತರೋದು ಸುಮ್ನೆ ಹಟ ಆಗುತ್ತದೆ, ಅಲ್ವಾ?

ಉಳಿದಿದ್ದು ‘ಕಣ’. ಸಗಣಿ ಸಾರಿಸಿ ಗಟ್ಟಿ ಮಾಡಿದ ಒಕ್ಕಣೆಯ ನೆಲ, ಒಂದು ಕೆಲಸಕ್ಕೆಂದೇ ಸಿದ್ಧ ಮಾಡಿದ್ದು. ಸದ್ಯಕ್ಕೆ ನನ್ನ ಓಟು ಇದಕ್ಕೇ. ಅಳುಕು ಒಂದೇ, ಚುನಾವಣೆಯವರು ಈ ಪದವನ್ನು ಜಾಸ್ತಿ ಬಳಸಿಬಿಟ್ಟಿದ್ದಾರೆ. ‘ಕಣದಲ್ಲಿ ಎಂಟು ತಂಡ’ ಅಂತ ಬರೆದರೆ ಎಂಟು ತಂಡ ಸ್ಪರ್ಧಿಸುತ್ತಿವೆ ಅಂತಲೇ ಓದುತ್ತಾರೆ, ನೆಲದ ಮೇಲೆ ನಿಂತಿವೆ ಅಂತ ಯಾರೂ ಓದುವುದಿಲ್ಲ.

‘ಆಟದ ಕಣ’ ಅಂದರೆ ಸಾಕಾಗುತ್ತದಾ? ನಿಮ್ಮೂರ ಕಡೆ ಕಬಡ್ಡಿ, ವಾಲಿಬಾಲ್ ಆಡಿಸುವವರು ಗೆರೆಯಾಚೆಯ ಜಾಗಕ್ಕೆ ಏನನ್ನುತ್ತಾರೆ? ಕರಾವಳಿಯವರು, ಉತ್ತರ ಕರ್ನಾಟಕದವರು ಸ್ವಲ್ಪ ಹೇಳಿ.