ಕೊಲಾಜನ್ ಪುಡಿ ಶುರು ಮಾಡಿದ ಮೇಲೆ ಹೊಟ್ಟೆ ಉಬ್ಬರ, ನಿದ್ದೆ ಇಲ್ಲ, ಈಗ ಥೈರಾಯ್ಡ್ ರಿಪೋರ್ಟೂ ಏರುಪೇರು. ಏನಿದು?

ಕೀಲುಕಿರಿಕಿರಿ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನಗೆ 46. ಮೆಟ್ಟಿಲು ಹತ್ತುವಾಗ ಎರಡೂ ಮೊಣಕಾಲು ಕಟಕಟ ಅನ್ನುತ್ತವೆ. ಯಾರೋ ಹೇಳಿದರು ಅಂತ ಕೊಲಾಜನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಪ್ರೋಟೀನ್) ಪುಡಿ ತಂದೆ. ಬೆಳಿಗ್ಗೆ ಒಂದು ಸ್ಕೂಪ್, ಸಂಜೆ ಒಂದು ಸ್ಕೂಪ್.

ಮೂರನೇ ದಿನಕ್ಕೇ ಹೊಟ್ಟೆ ಡೋಲಿನ ಹಾಗೆ ಬಿಗಿದುಕೊಂಡಿತು. ಗ್ಯಾಸ್, ಗುಡುಗುಡು ಸದ್ದು, ದಿನಕ್ಕೆ ಮೂರು ಸಲ ಲೂಸ್ ಮೋಷನ್. ರಾತ್ರಿ ಒಂದು ಗಂಟೆಯಾದರೂ ನಿದ್ದೆ ಇಲ್ಲ, ಎದೆ ಡವಡವ. ಅಭ್ಯಾಸ ಆಗುತ್ತೆ ಬಿಡು ಅಂತ ಮೂರು ವಾರ ಎಳೆದೆ. ಅದರ ನಡುವೆ ವರ್ಷಕ್ಕೊಮ್ಮೆ ಮಾಡಿಸುವ ರಕ್ತ ಪರೀಕ್ಷೆ ಬಂತು. ಟಿಎಸ್‌ಎಚ್ ತೀರಾ ಕಮ್ಮಿ, ಟಿ4 ಜಾಸ್ತಿ, ಅಂದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡ್ತಿದೆ ಅನ್ನೋ ಲೆಕ್ಕ. ಇನ್ನೊಂದು ಸಲ ನೋಡಿ ಮಾತ್ರೆ ಶುರು ಮಾಡೋಣ ಅಂದರು ಡಾಕ್ಟರ್.

ಹೆದರಿ ಪುಡಿ ನಿಲ್ಲಿಸಿದೆ. ನಾಲ್ಕೇ ದಿನಕ್ಕೆ ಹೊಟ್ಟೆ ಸರಿಹೋಯಿತು. ಆಮೇಲೆ ಇನ್ನೊಬ್ಬರು, ಬರೀ ಜೆಲಟಿನ್ ಪುಡಿ ತಗೊಳ್ಳಿ, ಅದರಲ್ಲಿ ಏನೂ ಬೆರೆಸಿರಲ್ಲ ಅಂದರು. ಒಂದು ದೊಡ್ಡ ಚಮಚ ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಎದೆ ನಡುವೆ ಏನೋ ಸಿಕ್ಕಿಕೊಂಡ ಹಾಗಾಗಿ ಅರ್ಧ ಗಂಟೆ ಒದ್ದಾಡಿದೆ.

ನನ್ನ ಮೈಗೆ ಕೊಲಾಜನ್ನೇ ಒಗ್ಗಲ್ವಾ? ಇಲ್ಲ ನಾನೇ ಏನೋ ತಪ್ಪು ಮಾಡ್ತಿದ್ದೀನಾ?

ಹಸಿರುಮದ್ದು · ಸೋಮವಾರ ರಾತ್ರಿ

ಭಯ ಬೇಡ ಸರ್. ಮೈಯಲ್ಲಿರೋ ವಿಷವೆಲ್ಲ ಹೊರಗೆ ಹೋಗುವಾಗ ಹೀಗೇ ಆಗೋದು. ನಿಲ್ಲಿಸದೆ ಮುಂದುವರಿಸಿ, ಬೇಕಾದರೆ ಇನ್ನೊಂದು ಸ್ಕೂಪ್ ಜಾಸ್ತಿ ಮಾಡಿ.

ಅಳತೆಚಮಚ · ಮಂಗಳವಾರ ಬೆಳಿಗ್ಗೆ

ಹಸಿರುಮದ್ದು ಅವರೇ, ಬೇಜಾರು ಮಾಡ್ಕೋಬೇಡಿ, ಆದರೆ ಈ ಮಾತು ಅಪಾಯದ್ದು. ತೊಂದರೆ ಕೊಡ್ತಿರೋದನ್ನೇ ಜಾಸ್ತಿ ಮಾಡಿ ಅಂತ ಯಾರಿಗೂ ಹೇಳಬೇಡಿ. ಇದೇ ಮಾತು ನಂಬಿ ಅಲರ್ಜಿ ಇರುವವರು ಇನ್ನೊಂದು ಸ್ಕೂಪ್ ಹಾಕಿಕೊಂಡರೆ ಏನು ಗತಿ?

ಕೀಲುಕಿರಿಕಿರಿ ಸರ್, ಮೊದಲು ಇದಕ್ಕೆ ಉತ್ತರ ಕೊಡಿ. ಪುಡಿ ತಗೊಂಡ ದಿನಗಳಲ್ಲಿ ಪಿತ್ತದ ಗಂಧೆ, ಮೈ ತುರಿಕೆ, ತುಟಿ ಅಥವಾ ನಾಲಗೆ ಊತ, ಉಸಿರು ಕಟ್ಟೋದು, ತಲೆ ಸುತ್ತಿ ಬೀಳೋದು, ಇದರಲ್ಲಿ ಒಂದಾದರೂ ಆಗಿತ್ತಾ? ಹೌದು ಅಂದರೆ ಇಲ್ಲಿ ಬರೆಯೋದು ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ಇಲ್ಲ ಅಂದರೆ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇರೋದನ್ನೆಲ್ಲ ಒಂದೂ ಬಿಡದೆ ಇಲ್ಲಿ ಬರೀರಿ. ಸ್ಕೂಪ್ ಲೆಕ್ಕ ನನಗೆ ಬೇಡ. ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ನೀವು ಎಂದಿನ ಹಾಗೆ ತುಂಬಿಸುವ ಒಂದು ಸ್ಕೂಪ್ ತೂಗಿ ಎಷ್ಟು ಗ್ರಾಂ ಅಂತ ಹೇಳಿ.

ಕೀಲುಕಿರಿಕಿರಿ · ಮಂಗಳವಾರ ಸಂಜೆ

ಮೇಡಂ, ಗಂಧೆ, ಊತ ಯಾವುದೂ ಇಲ್ಲ. ಉಸಿರಿಗೂ ತೊಂದರೆ ಇಲ್ಲ.

ಡಬ್ಬಿ ಮೇಲೆ ಇರೋದು: ಒಂದು ಸ್ಕೂಪ್ 12 ಗ್ರಾಂ. ಅದರಲ್ಲಿ ದನದ ಕೊಲಾಜನ್ ಪೆಪ್ಟೈಡ್ 8 ಗ್ರಾಂ, ಇನುಲಿನ್ 3 ಗ್ರಾಂ. ಉಳಿದದ್ದು ಎರಿತ್ರಿಟಾಲ್, ಸುಕ್ರಲೋಸ್, ವೆನಿಲಾ ಪರಿಮಳ, ವಿಟಮಿನ್ ಸಿ, ಹಯಲುರಾನಿಕ್ ಆ್ಯಸಿಡ್, ಬಯೋಟಿನ್ 5,000 ಮೈಕ್ರೊಗ್ರಾಂ.

ತೂಕ ನೋಡಿ ನನಗೇ ನಾಚಿಕೆ ಆಯಿತು. ಡಬ್ಬಿಯೊಳಗೆ ಸ್ಕೂಪ್ ಒತ್ತಿ, ಮೇಲೆ ಗೋಪುರ ಬರೋ ಹಾಗೆ ತುಂಬಿಸ್ತಿದ್ದೆ. 17 ಗ್ರಾಂ ತೋರಿಸ್ತು. ಚಾಕುವಿನ ಬೆನ್ನಿಂದ ಮೇಲ್ಭಾಗ ಸವರಿ ಇನ್ನೊಂದು ಸಲ ತೂಗಿದರೆ ಸರಿಯಾಗಿ 12.

ಅಳತೆಚಮಚ · ಮಂಗಳವಾರ ರಾತ್ರಿ

ಸಿಕ್ಕಿತು ನೋಡಿ. ನಾಚಿಕೆ ಯಾಕೆ ಸರ್, ಎಲ್ಲರೂ ಮಾಡೋದು ಹೀಗೇ.

ದಿನಕ್ಕೆ ಎರಡು ಗೋಪುರ ಅಂದರೆ 34 ಗ್ರಾಂ ಪುಡಿ. ಅದರಲ್ಲಿ ಇನುಲಿನ್ ಎಂಟೂವರೆ ಗ್ರಾಂ. ಇನುಲಿನ್ ಒಂದು ನಾರಿನ ಅಂಶ. ಸಣ್ಣ ಕರುಳಿನಲ್ಲಿ ಜೀರ್ಣ ಆಗಲ್ಲ. ದೊಡ್ಡ ಕರುಳಿಗೆ ಇಳಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸುತ್ತವೆ, ಗ್ಯಾಸ್ ಹುಟ್ಟುತ್ತೆ. ಅಭ್ಯಾಸ ಇಲ್ಲದ ಹೊಟ್ಟೆಗೆ ಒಂದೇ ಸಲ ಅಷ್ಟು ಸುರಿದರೆ ಡೋಲು ಆಗದೆ ಇನ್ನೇನಾಗುತ್ತೆ? ನನ್ನ ಮೊದಲ ಅನುಮಾನ ಕೊಲಾಜನ್ ಮೇಲಲ್ಲ, ಇದರ ಮೇಲೆ. ಎರಿತ್ರಿಟಾಲ್ ಅನ್ನೋ ಸಿಹಿಕಾರಕ ಇಷ್ಟು ಚೂರು ಇದ್ದರೆ ಏನೂ ಮಾಡಲ್ಲ. ಸಾರ್ಬಿಟಾಲ್, ಮಾಲ್ಟಿಟಾಲ್ ಅನ್ನೋ ಸಿಹಿಕಾರಕಗಳು ಜಾಸ್ತಿ ಇರೋ ಡಬ್ಬಿಯಾಗಿದ್ದರೆ ಅವನ್ನೂ ಸಾಲಿನಲ್ಲಿ ನಿಲ್ಲಿಸ್ತಿದ್ದೆ.

ಕೊಲಾಜನ್ ಕೂಡ 22 ಗ್ರಾಂ ದಾಟಿದೆ. ಜನ ಸಾಮಾನ್ಯವಾಗಿ ತಗೊಳ್ಳೋದು 2.5ರಿಂದ 15 ಗ್ರಾಂ. ಒಮ್ಮೆಲೇ ಇಷ್ಟು ಪ್ರೋಟೀನ್ ಬಿದ್ದರೆ ಕೆಲವರಿಗೆ ಹೊಟ್ಟೆ ಭಾರ, ಎದೆ ಉರಿ, ಮಲಬದ್ಧತೆ ಬರೋದುಂಟು.

ಈಗ ನಿಜವಾಗಿ ಗಮನ ಕೊಡಬೇಕಾದ ವಿಷಯ, ಬಯೋಟಿನ್ ಅನ್ನೋ ಬಿ ವಿಟಮಿನ್. ದೊಡ್ಡವರಿಗೆ ದಿನಕ್ಕೆ 30 ಮೈಕ್ರೊಗ್ರಾಂ ಸಾಕು. ನೀವು ತಗೊಂಡಿದ್ದು 14,000ಕ್ಕೂ ಜಾಸ್ತಿ. ಅದರಿಂದ ಮೈಗೆ ವಿಷ ಏರಲ್ಲ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತೆ. ಆದರೆ ರಕ್ತ ಪರೀಕ್ಷೆಗೆ ಅದು ಮೋಸ ಮಾಡುತ್ತೆ. ಥೈರಾಯ್ಡ್ ಅಳೆಯುವ ಎಷ್ಟೋ ಕಿಟ್‌ಗಳು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಅನ್ನೋ ಪ್ರೋಟೀನ್ ಒಂದಕ್ಕೊಂದು ಗಟ್ಟಿಯಾಗಿ ಅಂಟಿಕೊಳ್ಳೋ ಗುಣವನ್ನೇ ನಂಬಿ ಕೆಲಸ ಮಾಡುತ್ತವೆ. ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಅದು ಹೋಗಿ ಆ ಜಾಗ ಹಿಡಿಯುತ್ತೆ. ಆಗ ಟಿಎಸ್‌ಎಚ್ ಸುಳ್ಳೇ ಕಮ್ಮಿ, ಟಿ4 ಸುಳ್ಳೇ ಜಾಸ್ತಿ ಬರುತ್ತೆ. ನಿಮ್ಮ ರಿಪೋರ್ಟ್ ಅಚ್ಚು ಹೊಡೆದ ಹಾಗೆ ಅದೇ ತರ ಇದೆ.

ಹೃದಯಾಘಾತ ಪತ್ತೆ ಮಾಡುವ ಟ್ರೊಪೊನಿನ್ ಪರೀಕ್ಷೆಯೂ ಇದರಿಂದ ಸುಳ್ಳೇ ಕಮ್ಮಿ ಬರಬಹುದು. 2017ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಬಯೋಟಿನ್ ಬಗ್ಗೆ ಎಚ್ಚರಿಕೆ ಹೊರಡಿಸಿದ್ದು ಇದಕ್ಕೇ.

ನಾಳೆಯೇ ಡಾಕ್ಟರಿಗೆ ಫೋನ್ ಮಾಡಿ, ಇಷ್ಟು ಬಯೋಟಿನ್ ತಗೊಳ್ತಿದ್ದೆ ಅಂತ ಹೇಳಿ. ಮತ್ತೆ ಪರೀಕ್ಷೆ ಮಾಡಿಸುವ ಮುಂಚೆ ಎಷ್ಟು ದಿನ ನಿಲ್ಲಿಸಿರಬೇಕು ಅಂತ ಅವರೇ ಹೇಳುತ್ತಾರೆ. ಕಡೇಪಕ್ಷ ಎರಡು ದಿನ ಅನ್ನೋದು ರೂಢಿ. ರಕ್ತ ತೆಗೆಯುವವರಿಗೂ ಹೇಳಿ. ಮಾತ್ರೆ ಬೇಕೋ ಬೇಡವೋ ಅನ್ನೋದು ಅವರಿಗೆ ಬಿಟ್ಟದ್ದು, ನನ್ನ ಮಾತು ಕೇಳಿ ತೀರ್ಮಾನ ಮಾಡಬೇಡಿ.

ಜೆಲ್ಲಿಮನೆ · ಬುಧವಾರ ಬೆಳಿಗ್ಗೆ

ಜೆಲಟಿನ್ ವಿಷಯ ನನಗೆ ಬಿಡಿ, ದಿನಾ ಅದರ ಜೊತೆಗೇ ಇರೋನು ನಾನು. ಒಣ ಪುಡಿ ನುಂಗಬಾರದು ಸರ್! ಅದು ತನ್ನ ತೂಕದ ಐದರಿಂದ ಹತ್ತು ಪಟ್ಟು ನೀರು ಹೀರಿ ಊದಿಕೊಳ್ಳುತ್ತೆ. ನಿಮ್ಮ ಅನ್ನನಾಳದಲ್ಲೇ ಆ ಕೆಲಸ ಶುರು ಮಾಡಿದೆ, ಅಷ್ಟೇ. ಅರ್ಧ ಗಂಟೆಗೆ ಇಳಿದದ್ದು ನಿಮ್ಮ ಪುಣ್ಯ. ಇನ್ನೂ ನುಂಗುವಾಗ ಅಡ್ಡ ಬಂದ ಹಾಗೆ ಅನ್ನಿಸಿದರೆ ತೋರಿಸಿ ಬಿಡಿ.

ಒಂದು ಬಟ್ಟಲಲ್ಲಿ ತಣ್ಣೀರು ಹಾಕಿ, ಪುಡಿಯನ್ನು ಮೇಲಿಂದ ತೆಳ್ಳಗೆ ಉದುರಿಸಿ. ಚಮಚ ಆಡಿಸಬೇಡಿ, ಸುಮ್ನೆ ಹತ್ತು ನಿಮಿಷ ಬಿಡಿ. ಒದ್ದೆ ಮರಳಿನ ಹಾಗೆ ಕಾಣುತ್ತೆ, ಆಮೇಲೆ ಕಾಳುಗಳು ಉಬ್ಬಿ ಪಾರದರ್ಶಕ ಆಗುತ್ತವೆ. ಆಗ ಬಿಸಿ ನೀರು ಹಾಕಿ ಕಲಕಿದರೆ ಪೂರ್ತಿ ಕರಗುತ್ತೆ. ನೇರ ಬಿಸಿ ನೀರಿಗೆ ಪುಡಿ ಸುರಿದರೆ ಗಂಟು ಕಟ್ಟುತ್ತೆ. ಗಂಟಿನ ಹೊರಗೆ ಅಂಟು, ಒಳಗೆ ಒಣ ಪುಡಿ. ಎಷ್ಟು ಕಲಕಿದರೂ ಹೋಗಲ್ಲ.

ಕೊಲಾಜನ್ ಪೆಪ್ಟೈಡ್‌ಗೆ ಈ ರಗಳೆ ಇಲ್ಲ. ಎರಡೂ ಒಂದೇ ಮೂಲದ್ದು. ಆದರೆ ಪೆಪ್ಟೈಡನ್ನು ಕಿಣ್ವಗಳಿಂದ ಇನ್ನೂ ಸಣ್ಣ ತುಂಡು ಮಾಡಿರುತ್ತಾರೆ. ಅದಕ್ಕೇ ತಣ್ಣೀರಲ್ಲೂ ಕರಗುತ್ತೆ, ಜೆಲ್ಲಿ ಕಟ್ಟಲ್ಲ.

ಎಲ್ಲಕ್ಕೂಹಿಸ್ಟಮಿನ್ · ಬುಧವಾರ ಮಧ್ಯಾಹ್ನ

ಎದೆ ಡವಡವ, ನಿದ್ದೆ ಇಲ್ಲ ಅಂದರೆ ಖಂಡಿತ ಹಿಸ್ಟಮಿನ್, ಅಲರ್ಜಿ ಆದಾಗ ಮೈ ಬಿಡುಗಡೆ ಮಾಡೋ ರಾಸಾಯನಿಕ. ಕೊಲಾಜನ್ ತುಂಬಾ ಹಿಸ್ಟಮಿನ್ ಇರೋ ವಸ್ತು.

ಅಳತೆಚಮಚ · ಬುಧವಾರ ಮಧ್ಯಾಹ್ನ

ಹೆಸರಿಗೆ ತಕ್ಕ ಹಾಗೇ ಬರೀತೀರಿ ನೀವು. ಬ್ಯಾಕ್ಟೀರಿಯಾ ಹಿಸ್ಟಿಡಿನ್ ಅನ್ನೋ ಅಮೈನೊ ಆಮ್ಲವನ್ನು ಹಿಸ್ಟಮಿನ್ ಮಾಡುತ್ತವೆ. ಕೊಲಾಜನ್‌ನಲ್ಲಿ ಆ ಹಿಸ್ಟಿಡಿನ್ನೇ ತೀರಾ ಕಮ್ಮಿ. ಕೊಲಾಜನ್‌ನ ಮೂರನೇ ಒಂದು ಪಾಲು ಬರೀ ಗ್ಲೈಸಿನ್ ಅನ್ನೋ ಇನ್ನೊಂದು ಅಮೈನೊ ಆಮ್ಲ. ಸರ್, ಸಂಜೆಯ ಸ್ಕೂಪ್ ಯಾವುದರಲ್ಲಿ ಕಲಸ್ತಿದ್ರಿ?

ಕೀಲುಕಿರಿಕಿರಿ · ಬುಧವಾರ ಸಂಜೆ

...ಕಾಫಿಯಲ್ಲಿ. ಏಳು ಗಂಟೆಗೆ, ದೊಡ್ಡ ಮಗ್‌ನಲ್ಲಿ. ಮೊದಲು ಸಂಜೆ ಕಾಫಿ ಅಭ್ಯಾಸ ಇರಲಿಲ್ಲ, ಪುಡಿ ಕರಗಲಿ ಅಂತ ಶುರು ಮಾಡಿದ್ದು. ಪುಡಿ ನಿಲ್ಲಿಸಿದ ದಿನವೇ ಅದೂ ನಿಂತಿತ್ತು. ಇದನ್ನು ಬರೀಬೇಕು ಅಂತಲೇ ಹೊಳೆಯಲಿಲ್ಲ ಮೇಡಂ.

ಜೆಲ್ಲಿಮನೆ · ಬುಧವಾರ ಸಂಜೆ

ಹಹ್ಹಾ! ಕೊಲಾಜನ್ ಪಾಪ, ಮಾಡದ ತಪ್ಪಿಗೆಲ್ಲ ಮಾತು ಕೇಳ್ತಾ ಇದೆ.

ನಡುರಾತ್ರಿ · ಗುರುವಾರ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನನ್ನದು ಬೇರೆ ಥರ. ಸಂಜೆ ಎಂಟಕ್ಕೆ ಜೆಲಟಿನ್ ಕುಡಿದು ಮಲಗಿದೆ. ರಾತ್ರಿ ಒಂದು ಗಂಟೆಗೆ ಅಂಗೈ, ಅಂಗಾಲು ಉರಿದು ಎಚ್ಚರ ಆಯಿತು. ದೀಪ ಹಾಕಿ ನೋಡಿದರೆ ಮೈತುಂಬ ಗಂಧೆ. ತಿಂಗಳ ಹಿಂದೆಯೂ ಒಮ್ಮೆ ಹೀಗೇ ಆಗಿತ್ತು. ಕುಡಿದ ತಕ್ಷಣ ಏನೂ ಆಗಲ್ಲ, ಐದು ಗಂಟೆ ಕಳೆದ ಮೇಲೆ. ಆದ್ದರಿಂದ ಜೆಲಟಿನ್ ಅಲ್ಲ ಅನ್ಕೊಂಡಿದ್ದೆ. ಅರ್ಧ ಚಮಚದಿಂದ ಮತ್ತೆ ಶುರು ಮಾಡಿ ನೋಡಲಾ?

ಅಳತೆಚಮಚ · ಗುರುವಾರ

ಬೇಡ. ಅರ್ಧ ಚಮಚವೂ ಬೇಡ, ಕಾಲು ಚಮಚವೂ ಬೇಡ. ಮೇಲಿನ ಸರ್ ತರ ಮನೆಯಲ್ಲಿ ಪ್ರಯೋಗ ಮಾಡುವ ವಿಷಯ ನಿಮ್ಮದಲ್ಲ.

ತಡವಾಗಿ ಬಂತು ಅನ್ನೋದೇ ಇಲ್ಲಿ ಸುಳಿವು. ಆಲ್ಫಾ-ಗ್ಯಾಲ್ ಅನ್ನೋ ಸಕ್ಕರೆಯ ಅಂಶಕ್ಕೆ ಕೆಲವರಿಗೆ ಅಲರ್ಜಿ ಹುಟ್ಟುತ್ತೆ. ಕೆಲವು ಜಾತಿಯ ಉಣುಗು ಕಚ್ಚಿದ ಮೇಲೆ ಅದು ಶುರುವಾಗೋದು. ದನ, ನಾಯಿ ಮೈಗೆ ಅಂಟಿಕೊಂಡು ರಕ್ತ ಹೀರುತ್ತಲ್ಲ, ಆ ಹುಳ. ಹಸು, ಹಂದಿ, ಕುರಿ ಇಂಥ ಪ್ರಾಣಿಗಳ ಮಾಂಸದಲ್ಲಿ ಈ ಅಂಶ ಇರುತ್ತೆ, ಅವುಗಳಿಂದ ಮಾಡಿದ ಜೆಲಟಿನ್‌ನಲ್ಲೂ ಇರಬಹುದು. ತಿಂದು ಎರಡರಿಂದ ಆರು ಗಂಟೆ ಕಳೆದ ಮೇಲೆ ಲಕ್ಷಣ ಕಾಣೋದು. ಹಾಗಾಗಿ ಜನ ನಡುರಾತ್ರಿ ಎದ್ದು ಕೂರುತ್ತಾರೆ, ಸಂಜೆ ತಿಂದದ್ದರ ಮೇಲೆ ಅನುಮಾನವೇ ಬರಲ್ಲ. ಇಲ್ಲವೇ ಜೆಲಟಿನ್ ಪ್ರೋಟೀನಿಗೇ ಅಲರ್ಜಿ ಇರಬಹುದು. ಯಾವುದು ಅಂತ ಅಲರ್ಜಿ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ ಹೇಳುತ್ತಾರೆ. ಈಚೆಗೆ ಹುಳ ಕಚ್ಚಿತ್ತಾ, ಮಾಂಸ ತಿಂದಾಗಲೂ ಹೀಗಾಗಿತ್ತಾ ಅನ್ನೋದನ್ನು ನೆನಪು ಮಾಡಿ ಬರೆದಿಟ್ಟುಕೊಂಡು ಹೋಗಿ.

ಅಲ್ಲಿಯವರೆಗೆ ಒಂದು ಮುಖ್ಯ ಕೆಲಸ. ಜೆಲಟಿನ್ ಪುಡಿ ಡಬ್ಬಿಯಲ್ಲಿ ಮಾತ್ರ ಇರಲ್ಲ. ಕ್ಯಾಪ್ಸೂಲ್ ಸಿಪ್ಪೆ, ಗಮ್ಮಿ ಮಿಠಾಯಿ, ಕೆಲವು ಲಸಿಕೆ (ದಡಾರ-ಮಂಗನಬಾವು-ರುಬೆಲ್ಲಾ ಲಸಿಕೆಯ ಕೆಲವು ಬಗೆಗಳಲ್ಲಿ ಇದೆ), ರಕ್ತಸ್ರಾವ ಆದಾಗ ನರಕ್ಕೆ ಹಾಕುವ ಕೆಲವು ಡ್ರಿಪ್, ಇದರಲ್ಲೆಲ್ಲ ಇರುತ್ತೆ. ಎಲ್ಲೇ ಚಿಕಿತ್ಸೆಗೆ ಹೋದರೂ ಮೊದಲೇ ಹೇಳಿ. ಮತ್ತೆ ಗಂಧೆಯ ಜೊತೆ ಉಸಿರು ಕಟ್ಟಿದರೆ, ಗಂಟಲು ಬಿಗಿದರೆ, ಕಣ್ಣು ಕತ್ತಲೆ ಬಂದರೆ ಮಾತ್ರೆ ನುಂಗಿ ಕಾಯಬೇಡಿ, ನೇರ ತುರ್ತು ಚಿಕಿತ್ಸೆಗೆ.

ಕಲ್ಲುಗಾರ · ಗುರುವಾರ ರಾತ್ರಿ

ನನಗೆ ಎರಡು ಸಲ ಕಿಡ್ನಿ ಕಲ್ಲು ಆಗಿದೆ, ಆಕ್ಸಲೇಟ್ ಕಲ್ಲು. ಮೀನಿನ ಕೊಲಾಜನ್ ತಗೊಂಡರೆ ಪರವಾಗಿಲ್ವಾ?

ಅಳತೆಚಮಚ · ಗುರುವಾರ ರಾತ್ರಿ

ಮೀನಾಗಲಿ ದನವಾಗಲಿ, ಕಲ್ಲಿನ ವಿಷಯದಲ್ಲಿ ಎರಡಕ್ಕೂ ಎಚ್ಚರ ಬೇಕು. ಕೊಲಾಜನ್‌ನಲ್ಲಿ ಹೈಡ್ರಾಕ್ಸಿಪ್ರೋಲಿನ್ ಅನ್ನೋ ಅಮೈನೊ ಆಮ್ಲ ಜಾಸ್ತಿ. ದೇಹ ಅದರ ಒಂದಂಶವನ್ನು ಆಕ್ಸಲೇಟ್ ಮಾಡಿ ಮೂತ್ರಕ್ಕೆ ಬಿಡುತ್ತೆ. 30 ಗ್ರಾಂ ಜೆಲಟಿನ್ ತಿಂದವರ ಮೂತ್ರದಲ್ಲಿ ಆಕ್ಸಲೇಟ್ ಏರಿದ್ದು ಅಳೆದು ನೋಡಿದ ಸಂಗತಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಕಿಡ್ನಿ ಡಾಕ್ಟರನ್ನು ಕೇಳದೆ ಡಬ್ಬಿ ಮುಚ್ಚಳ ತೆಗೀತಿರಲಿಲ್ಲ. ಇನ್ನು ಮೀನು ಅಲರ್ಜಿ ಇರುವವರಿಗೆ ಮೀನಿನ ಕೊಲಾಜನ್ ಬೇಡವೇ ಬೇಡ. ಮೊಟ್ಟೆ ಅಲರ್ಜಿ ಇದ್ದರೆ ಮೊಟ್ಟೆ ಚಿಪ್ಪಿನ ಪೊರೆಯಿಂದ ಮಾಡಿದ್ದು ಬೇಡ.

ತೆಳ್ಳಗಾಗಬೇಕು · ಶುಕ್ರವಾರ

ನಾನು ರಾತ್ರಿ ಊಟ ಬಿಟ್ಟು ಬರೀ ಕೊಲಾಜನ್ ಕುಡೀತೀನಿ. ಪ್ರೋಟೀನ್ ತಾನೆ?

ಅಳತೆಚಮಚ · ಶುಕ್ರವಾರ

ಅರ್ಧಂಬರ್ಧ ಪ್ರೋಟೀನ್. ಅದರಲ್ಲಿ ಟ್ರಿಪ್ಟೊಫಾನ್ ಅನ್ನೋ ಅಗತ್ಯ ಅಮೈನೊ ಆಮ್ಲ ಇಲ್ಲವೇ ಇಲ್ಲ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ತೂಕ ಇಳಿಸೋಕೆ ಕೊಲಾಜನ್, ಜೆಲಟಿನ್‌ನಿಂದ ಮಾಡಿದ ದ್ರವ ಪ್ರೋಟೀನನ್ನೇ ಊಟ ಮಾಡಿಕೊಂಡು ತಿಂಗಳುಗಟ್ಟಲೆ ಇದ್ದವರಲ್ಲಿ ಡಜನ್‌ಗಟ್ಟಲೆ ಜನ ಹೃದಯದ ಬಡಿತ ತಪ್ಪಿ ಸತ್ತರು. ನಿಮ್ಮದು ಒಂದೇ ಹೊತ್ತು, ಅಷ್ಟು ಘೋರ ಅಲ್ಲ. ಆದರೂ ಊಟದ ಜೊತೆ ಕುಡೀರಿ, ಊಟದ ಬದಲು ಬೇಡ.

ಕೀಲುಕಿರಿಕಿರಿ · ಐದು ವಾರ ಕಳೆದು

ಎಲ್ಲರಿಗೂ ವರದಿ ಒಪ್ಪಿಸೋಣ ಅಂತ ಬಂದೆ.

ಡಾಕ್ಟರಿಗೆ ಬಯೋಟಿನ್ ವಿಷಯ ಹೇಳಿದೆ. ಹತ್ತು ದಿನ ಕಳೆದ ಮೇಲೆ ಮತ್ತೆ ರಕ್ತ ಕೊಟ್ಟೆ. ಟಿಎಸ್‌ಎಚ್, ಟಿ4 ಎರಡೂ ನಾರ್ಮಲ್. ಮಾತ್ರೆ ಬೇಡ ಅಂದರು. ಇಂಥ ಪುಡಿ ತಗೊಳ್ತಿದ್ದೀರಿ ಅಂತ ಮೊದಲೇ ಯಾಕೆ ಹೇಳಲಿಲ್ಲ ಅಂತ ಬೈದರು ಕೂಡ. ಔಷಧಿ ಏನಾದರೂ ತಗೊಳ್ತೀರಾ ಅಂತ ಅವರು ಕೇಳಿದ್ದರು. ಇದು ಔಷಧಿ ಅಂತ ನನಗೆ ಅನ್ನಿಸಿರಲಿಲ್ಲ.

ಆಮೇಲೆ ಏನೂ ಬೆರೆಸದ ಪೆಪ್ಟೈಡ್ ತಂದೆ. ಡಬ್ಬಿ ಮೇಲೆ ಒಂದೇ ಸಾಲು ಇದೆ. ಬೆಳಿಗ್ಗೆ ತಿಂಡಿ ಜೊತೆ, ನೀರಲ್ಲಿ, ತೂಗಿ 2.5 ಗ್ರಾಂ. ನಾಲ್ಕು ದಿನ ಹೊಟ್ಟೆ ಸುಮ್ಮನಿತ್ತು. ಮತ್ತೆ ನಾಲ್ಕು ದಿನ 5 ಗ್ರಾಂ. ಈಗ 10ಕ್ಕೆ ನಿಲ್ಲಿಸಿದ್ದೀನಿ. ಸ್ವಲ್ಪ ಹೊಟ್ಟೆ ಭಾರ ಅನ್ನಿಸುತ್ತೆ, ಅಷ್ಟೇ. ಸಂಜೆ ಕಾಫಿ ಬಂದ್, ಹನ್ನೊಂದಕ್ಕೆ ಗೊರಕೆ ಶುರು ಅಂತ ಮನೆಯವರ ದೂರು.

ಜೆಲ್ಲಿಮನೆ · ಅದೇ ದಿನ

ಮೊಣಕಾಲು ಹೇಗಿದೆ ಸರ್? ಅದನ್ನೇ ಬರೀಲಿಲ್ಲ.

ಕೀಲುಕಿರಿಕಿರಿ · ಅದೇ ದಿನ

ಕಟಕಟ ಹಾಗೇ ಇದೆ. ಮೂರು ತಿಂಗಳು ನೋಡ್ತೀನಿ. ಹಳೇ ಡಬ್ಬಿ ಎಸೆದೆ. ಅದರ ಸ್ಕೂಪ್ ಮಾತ್ರ ಬಟ್ಟೆ ಒಗೆಯೋ ಸೋಪಿನ ಪುಡಿಗೆ ಹಾಕಿಟ್ಟಿದ್ದೀನಿ. ಅಲ್ಲಿ ಗೋಪುರ ಕಟ್ಟಿದರೆ ನೊರೆ ಬರುತ್ತೆ, ಅಷ್ಟೇ ತಾನೆ.